ವಾಷಿಂಗ್ಟನ್ನಿನ ಗಂಟು, ಶಿಡ್ಲಘಟ್ಟದ ನೂಲು

ಯಾರ ಜಗಳವೂ ನಮಗೆ ಬೇಡ ಎಂದು ಅಮೆರಿಕ ಕಾನೂನಿನ ಮೇಲೆ ಕಾನೂನು ಮಾಡಿತ್ತು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬೀಳುವ ಹೊತ್ತಿಗೆ ಆ ಕಾನೂನುಗಳಲ್ಲಿ ಹುರುಳೇ ಉಳಿದಿರಲಿಲ್ಲ. ತಟಸ್ಥ ದೇಶವೊಂದು ಮೆಲ್ಲಮೆಲ್ಲನೆ ಮಹಾಯುದ್ಧಕ್ಕೆ ಜಾರಿದ ಕಥೆಯ ಎಳೆಗಳು ಚಿಕ್ಕಬಳ್ಳಾಪುರದ ಸುತ್ತಲಿನ ಕಳವಾರ ಸೀಮೆಯ ರೇಷ್ಮೆಯಲ್ಲೂ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೂ ಸಿಗುತ್ತವೆ.

1941ರ ಆಗಸ್ಟ್ ಮೊದಲ ವಾರ. ಅಮೆರಿಕದ ದೊಡ್ಡ ಊರುಗಳ ಜವಳಿ ಅಂಗಡಿಗಳಲ್ಲಿ ಹೆಂಗಸರ ನೂಕುನುಗ್ಗಲು. ಸೀರೆಗಲ್ಲ, ಒಡವೆಗಲ್ಲ, ಕಾಲುಚೀಲಕ್ಕೆ. ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಕೈಚಾಚಿ, ಸಿಕ್ಕಷ್ಟು ಜೊತೆ ಬಾಚಿಕೊಳ್ಳುತ್ತಿದ್ದಾರೆ.

ಇನ್ನು ಮುಂದೆ ಕಚ್ಚಾ ರೇಷ್ಮೆಯನ್ನು ಸೇನೆಯ ಕೆಲಸಕ್ಕಲ್ಲದೆ ಮುಟ್ಟುವಂತಿಲ್ಲ ಎಂದು ಸರ್ಕಾರ ಅಪ್ಪಣೆ ಹೊರಡಿಸಿತ್ತು. ಅಂಗಡಿಯಲ್ಲಿರುವುದು ಖಾಲಿಯಾದರೆ ಮತ್ತೆ ಬರುವುದಿಲ್ಲ ಎಂಬ ಸುದ್ದಿ ಮನೆಮನೆಗೆ ಮುಟ್ಟಿತ್ತು.

ವಿಚಿತ್ರವೆಂದರೆ, ಅಮೆರಿಕ ಆಗಿನ್ನೂ ಯಾರ ಮೇಲೂ ಯುದ್ಧ ಸಾರಿರಲಿಲ್ಲ. ಪರ್ಲ್ ಹಾರ್ಬರ್ ದಾಳಿಗೆ ನಾಲ್ಕು ತಿಂಗಳು ಬಾಕಿ. ಕಾಗದದ ಮೇಲೆ ಆ ದೇಶ ತಟಸ್ಥ. ಆದರೂ ಅದರ ಹೆಂಗಸರ ಕಾಲುಚೀಲ ಆಗಲೇ ಯುದ್ಧಕ್ಕೆ ಹೋಗಿತ್ತು.

ಆ ರೇಷ್ಮೆಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಜಪಾನಿನದು. ಅದು ನಿಂತಾಗ ತಲ್ಲಣಿಸಿದ್ದು ನ್ಯೂಯಾರ್ಕ್ ಒಂದೇ ಅಲ್ಲ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಹುಳು ಸಾಕುವ ಮನೆಗಳಿಗೂ ಅದರ ಬಿಸಿ ತಟ್ಟಿತು. ಇಲ್ಲಿ ತಟ್ಟಿದ್ದು ನಷ್ಟದ ಬಿಸಿಯಲ್ಲ, ಲಾಭದ್ದು.

ಅಲ್ಲಿ ಕೊಳ್ಳದಿದ್ದರೆ ಇಲ್ಲಿ ಬಿತ್ತು

ರೇಷ್ಮೆ ಬೆಳೆಗಾರನಿಗೆ ಹುಳು ಸಾಕುವುದೆಂದರೆ ಏನೆಂದು ಗೊತ್ತು. ಮೊಟ್ಟೆ ಒಡೆದ ದಿನದಿಂದ ಸೊಪ್ಪು ಕೊಯ್ದು ಹಾಕುತ್ತಲೇ ಇರಬೇಕು. ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಹುಳು ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟುವವರೆಗೆ ಮನೆಮಂದಿಗೆ ನಿದ್ದೆಯಿಲ್ಲ. ಅಷ್ಟೆಲ್ಲ ಮಾಡಿ ಮಾರುಕಟ್ಟೆಗೆ ಹೋದರೆ ದರ ಹೇಳುವವರು ಬೇರೆ.

1930ರ ದಶಕದಲ್ಲಿ ಆ ದರವನ್ನು ಅಮೆರಿಕವೇ ಕೆಡಿಸಿತು. 1929ರ ಆರ್ಥಿಕ ಕುಸಿತದ ಬಳಿಕ ಅಲ್ಲಿ ರೇಷ್ಮೆ ಕೊಳ್ಳುವವರು ಕಡಿಮೆಯಾದರು. ಜಪಾನಿನ ದಾಸ್ತಾನು ಬೆಳೆಯಿತು, ಅಲ್ಲಿನ ನಾಣ್ಯದ ಬೆಲೆ ಇಳಿಯಿತು. ಅಗ್ಗದ ಜಪಾನಿ ರೇಷ್ಮೆ ಭಾರತದ ಬಂದರುಗಳಿಗೆ ಬಂದು ಬಿತ್ತು. ಚೀನಾದ ರೇಷ್ಮೆಯಂತೂ ಮೊದಲೇ ಬರುತ್ತಿತ್ತು.

ಮೈಸೂರು ಸೀಮೆಯ ಚರಕದ ನೂಲು ಇದರ ಮುಂದೆ ನಿಲ್ಲಲಾರದೆ ಹೋಯಿತು. ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟವರೂ ಇದ್ದರು. ಸುಂಕ ಮಂಡಳಿ ವಿಚಾರಣೆ ನಡೆಸಿ, 1934ರಲ್ಲಿ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂದರೂ ಬೆಳೆಗಾರ ಪೂರ್ತಿ ಚೇತರಿಸಿಕೊಳ್ಳಲಿಲ್ಲ.

ಇದೇ ವರ್ಷಗಳಲ್ಲಿ ಅಮೆರಿಕದ ಸಂಸತ್ತು ಇನ್ನೊಂದು ಲೆಕ್ಕದಲ್ಲಿ ಮುಳುಗಿತ್ತು.

ಇನ್ನೊಮ್ಮೆ ಬೇಡವೇ ಬೇಡ

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸುಮಾರು ಮೂರು ವರ್ಷ ಹೊರಗಿತ್ತು. 1917ರ ಏಪ್ರಿಲ್ 6ರಂದು ಒಳಗೆ ಕಾಲಿಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ಅದರ 1 ಲಕ್ಷ 16 ಸಾವಿರ ಜನ ಸತ್ತಿದ್ದರು. ಯಾಕಾಗಿ ಹೋದೆವು ಎಂಬ ಪ್ರಶ್ನೆ ಆಮೇಲೆ ಶುರುವಾಯಿತು.

1934ರಲ್ಲಿ ಸೆನೆಟರ್ ಜೆರಾಲ್ಡ್ ನೈ ನೇತೃತ್ವದಲ್ಲಿ ಸಮಿತಿ ಕೂತಿತು. ಶಸ್ತ್ರಾಸ್ತ್ರ ಕಂಪನಿಗಳು, ಸಾಲ ಕೊಟ್ಟ ಬ್ಯಾಂಕುಗಳು ಎಷ್ಟು ಲಾಭ ಮಾಡಿಕೊಂಡವು ಎಂದು ಕೆದಕಿತು. ವ್ಯಾಪಾರದ ಋಣವೇ ದೇಶವನ್ನು ಯುದ್ಧಕ್ಕೆ ಎಳೆದುಕೊಂಡು ಹೋಯಿತು ಎಂಬ ಮಾತು ಜನರ ಮನಸ್ಸಿನಲ್ಲಿ ಕೂತಿತು.

ಹಾಗಾದರೆ ವ್ಯಾಪಾರವನ್ನೇ ಕಟ್ಟಿಹಾಕೋಣ ಎಂದರು. 1935ರ ಆಗಸ್ಟ್‌ನಲ್ಲಿ ಮೊದಲ ತಟಸ್ಥ ಕಾಯ್ದೆ: ಯುದ್ಧದಲ್ಲಿರುವ ಯಾವ ದೇಶಕ್ಕೂ ಶಸ್ತ್ರಾಸ್ತ್ರ ಮಾರುವಂತಿಲ್ಲ. 1936ರಲ್ಲಿ ಎರಡನೆಯದು: ಸಾಲ ಕೊಡುವಂತಿಲ್ಲ. 1937ರಲ್ಲಿ ಮೂರನೆಯದು: ಕಾದಾಡುವವರ ಹಡಗಿನಲ್ಲಿ ಅಮೆರಿಕನ್ನರು ಪ್ರಯಾಣವನ್ನೂ ಮಾಡುವಂತಿಲ್ಲ.

ಇನ್ನೂ ಮುಂದೆ ಹೋಗಿ, ಯುದ್ಧ ಸಾರುವ ಮುನ್ನ ದೇಶದ ಜನರೆಲ್ಲರ ಮತ ಕೇಳಬೇಕೆಂಬ ತಿದ್ದುಪಡಿಯನ್ನು ಲಡ್ಲೊ ಎಂಬ ಪ್ರತಿನಿಧಿ ತಂದರು. 1938ರ ಜನವರಿ 10ರಂದು ಅದನ್ನು ಚರ್ಚೆಗೆ ಎತ್ತಿಕೊಳ್ಳುವ ಪ್ರಯತ್ನ 188ಕ್ಕೆ 209 ಮತಗಳಿಂದ ಬಿದ್ದುಹೋಯಿತು. ಅಂತರ ಬರೀ 21.

ಬೇಲಿ ಬಲವಾಗಿಯೇ ಕಾಣುತ್ತಿತ್ತು. ಆದರೆ ಅದರಲ್ಲೊಂದು ಕಂಡಿ ಇತ್ತು. 1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಬಿತ್ತು. ಎರಡೂ ಕಡೆಯವರು ಯುದ್ಧವೆಂದು ಅಧಿಕೃತವಾಗಿ ಸಾರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ಅದನ್ನು ಯುದ್ಧವೆಂದು ಒಪ್ಪಿ ಕಾಯ್ದೆ ಹಚ್ಚಲಿಲ್ಲ. ಹಚ್ಚಿದ್ದರೆ ಬಡ ಚೀನಾಕ್ಕೇ ಹೆಚ್ಚು ಏಟು ಬೀಳುತ್ತಿತ್ತು. ಹೀಗಾಗಿ ಚೀನಾಕ್ಕೆ ಅಮೆರಿಕದ ವಿಮಾನ ಹೋಗುತ್ತಿತ್ತು, ಜಪಾನಿಗೆ ಅಮೆರಿಕದ ಎಣ್ಣೆ, ಗುಜರಿ ಕಬ್ಬಿಣ ಹೋಗುತ್ತಿತ್ತು. ಜಪಾನಿನ ರೇಷ್ಮೆ ಅಮೆರಿಕಕ್ಕೆ ಬರುತ್ತಿತ್ತು.

> ಪಟ್ಟಿಯಲ್ಲಿ ನಮ್ಮ ಹೆಸರು
> 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿದ ದಿನವೇ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ಇಲ್ಲಿನ ಯಾವ ಚುನಾಯಿತ ಪ್ರತಿನಿಧಿಯನ್ನೂ ಕೇಳಲಿಲ್ಲ. ಸೆಪ್ಟೆಂಬರ್ 5ರಂದು ರೂಸ್‌ವೆಲ್ಟ್ ಹೊರಡಿಸಿದ ತಟಸ್ಥ ಘೋಷಣೆಯಲ್ಲಿ ಯುದ್ಧದಲ್ಲಿರುವ ದೇಶಗಳ ಸಾಲಿನಲ್ಲಿ ಬ್ರಿಟನ್ನಿನ ಪಕ್ಕದಲ್ಲೇ ಭಾರತದ ಹೆಸರೂ ಇತ್ತು. ಅಂದರೆ ಅಮೆರಿಕದ ವಿಮಾನವಾಗಲಿ, ಅದರ ಬಿಡಿಭಾಗವಾಗಲಿ ಭಾರತಕ್ಕೆ ಬರುವುದು ಅಂದಿನಿಂದ ಕಾನೂನುಬಾಹಿರ.

ಪೆಸಿಫಿಕ್ ಮೇಲೊಂದು ಹರಟೆ

1939ರ ಅಕ್ಟೋಬರ್. ಸ್ಯಾನ್‌ಫ್ರಾನ್ಸಿಸ್ಕೊದಿಂದ ಪೂರ್ವ ಏಷ್ಯಾಕ್ಕೆ ಹಾರುತ್ತಿದ್ದ ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ವಿಮಾನದಲ್ಲಿ ಇಬ್ಬರು ವ್ಯಾಪಾರಿಗಳ ಪರಿಚಯವಾಯಿತು. ಕ್ಲಿಪ್ಪರ್ ನೀರಿನ ಮೇಲೆ ಇಳಿಯುವ ವಿಮಾನ. ಹೊನೊಲುಲು, ಮಿಡ್‌ವೇ, ವೇಕ್, ಗ್ವಾಮ್, ಮನಿಲಾ ಎಂದು ಒಂದೊಂದು ದ್ವೀಪದಲ್ಲಿ ತಂಗುತ್ತ, ದಿನಗಟ್ಟಲೆ ಹಾರುತ್ತಿತ್ತು. ಮಾತಿಗೆ ಬೇಕಾದಷ್ಟು ಪುರಸೊತ್ತು. ಹೊನೊಲುಲು ನಿಲುಗಡೆಯಲ್ಲಿ ಅದು ಇಳಿಯುತ್ತಿದ್ದುದು ಪರ್ಲ್ ಹಾರ್ಬರ್‌ನ ನೀರಿಗೇ.

ಇಬ್ಬರಲ್ಲಿ ಒಬ್ಬರು ಹಡಗು ಕಂಪನಿಯ ವಾಲ್‌ಚಂದ್ ಹೀರಾಚಂದ್. ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕೆಂದು ಅಮೆರಿಕದ ಕಂಪನಿಗಳ ಜೊತೆ ಮಾತುಕತೆ ನಡೆಸಿ ಮರಳುತ್ತಿದ್ದರು. ಇನ್ನೊಬ್ಬರು ವಿಲಿಯಂ ಪಾಲಿ. ಚೀನಾ ಸರ್ಕಾರಕ್ಕೆ ವಿಮಾನ ಜೋಡಿಸಿ ಕೊಡುತ್ತಿದ್ದ ಅಮೆರಿಕದ ವ್ಯಾಪಾರಿ.

ವಾಲ್‌ಚಂದರ ಮೋಟಾರು ಕನಸಿನ ಬೇರು ನಮ್ಮ ಮುದ್ದೇನಹಳ್ಳಿಯಲ್ಲಿದೆ. ಚಿಕ್ಕಬಳ್ಳಾಪುರದ ಪಕ್ಕದ ಈ ಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದಿದ್ದರು. ಭಾರತದಲ್ಲೂ ಕಾರು ತಯಾರಾಗಬೇಕೆಂದು ಯೋಜನೆ ಬರೆದರು, ಬಂಡವಾಳಗಾರರನ್ನು ಹುಡುಕಿದರು. ವಾಲ್‌ಚಂದ್ ಅವರ ಜೊತೆ ನಿಂತವರು. ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಲು ಮೈಸೂರು ಸಂಸ್ಥಾನ ಆಸಕ್ತಿ ತೋರಿತು. ಬ್ರಿಟಿಷರು ಬಿಡಲಿಲ್ಲ.

ಕಾರು ಆಗಲಿಲ್ಲ. ಆದರೆ ಕಾರಿಗಾಗಿ ಹೊರಟವರಿಗೆ ದಾರಿಯಲ್ಲಿ ವಿಮಾನದ ಮನುಷ್ಯ ಸಿಕ್ಕಿದ. ಚೀನಾದಲ್ಲಿ ಮಾಡುವುದನ್ನು ಭಾರತದಲ್ಲಿ ಯಾಕೆ ಮಾಡಬಾರದು ಎಂಬಲ್ಲಿಗೆ ಮಾತು ಬಂತು.

ಆ ಹೊತ್ತಿಗೆ ಅಮೆರಿಕದ ಕಾನೂನು ಅದಕ್ಕೆ ಅಡ್ಡವಾಗಿತ್ತು. ಆದರೆ ಹೆಚ್ಚು ದಿನ ಅಲ್ಲ. 1939ರ ನವೆಂಬರ್ 4ರಂದು ನಾಲ್ಕನೆಯ ತಟಸ್ಥ ಕಾಯ್ದೆ ಬಂತು. ಹೆಸರು ತಟಸ್ಥವೇ, ತಿರುಳು ಬೇರೆ. ರೊಕ್ಕ ಎಣಿಸಿ, ನಿಮ್ಮದೇ ಹಡಗಿನಲ್ಲಿ ಹೇರಿಕೊಂಡು ಹೋಗುವುದಾದರೆ ಶಸ್ತ್ರಾಸ್ತ್ರ ಕೊಳ್ಳಬಹುದು. ಸಮುದ್ರ ಬ್ರಿಟನ್ನಿನ ಕೈಯಲ್ಲಿದ್ದುದರಿಂದ ಈ ಅನುಕೂಲ ಯಾರಿಗೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಡಿಸೆಂಬರಿನ ಆರು ದಿನ

ಭಾರತದಲ್ಲಿ ವಿಮಾನ ತಯಾರಿಸಲು ಬ್ರಿಟಿಷ್ ಸರ್ಕಾರ ಮೊದಮೊದಲು ಮನಸ್ಸು ಮಾಡಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿತ್ತು. ಬ್ರಿಟನ್ನಿನ ಕಾರ್ಖಾನೆಗಳಿಗೇ ಬಾಂಬಿನ ಭಯ ಬಂದಾಗ ಬಿಗುಮಾನ ಸಡಿಲವಾಯಿತು.

ಜಾಗ ಯಾವುದು? ಬೇರೆ ಸಂಸ್ಥಾನಗಳೂ ಕರೆದವು. ಗೆದ್ದದ್ದು ಮೈಸೂರು. ದಿವಾನ್ ಮಿರ್ಜಾ ಇಸ್ಮಾಯಿಲ್ 700 ಎಕರೆ ನೆಲವನ್ನು ಉಚಿತವಾಗಿ ಕೊಟ್ಟರು, ಸಂಸ್ಥಾನದಿಂದ 25 ಲಕ್ಷ ರೂಪಾಯಿ ಬಂಡವಾಳ ಹೂಡಿದರು. ಕರೆಂಟಿಗೆ ಶಿವನಸಮುದ್ರ ಇತ್ತು. ಆ ವಿದ್ಯುದಾಗಾರಕ್ಕೆ 1902ರಲ್ಲಿ ಯಂತ್ರ ಕೊಟ್ಟದ್ದೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೇ.

1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ 'ಈವೆನ್‌ಟೈಡ್' ಎಂಬ ಬಂಗಲೆಯಲ್ಲಿ ಕಚೇರಿ. ವಾಲ್‌ಚಂದರ ಹಣ, ಮೈಸೂರಿನ ನೆಲ, ಪಾಲಿಯವರು ಕರೆತಂದ ಅಮೆರಿಕದ ಎಂಜಿನಿಯರುಗಳು.

ಇದಾಗಿ ಆರನೇ ದಿನ, ಡಿಸೆಂಬರ್ 29ರ ರಾತ್ರಿ, ರೂಸ್‌ವೆಲ್ಟ್ ರೇಡಿಯೊ ಮುಂದೆ ಕೂತರು. ಅಮೆರಿಕ ಪ್ರಜಾಪ್ರಭುತ್ವದ ಶಸ್ತ್ರಾಗಾರವಾಗಬೇಕು ಎಂದರು. ನಾವು ಕಾದುವುದಿಲ್ಲ, ಕಾದುವವರಿಗೆ ಆಯುಧ ಒದಗಿಸುತ್ತೇವೆ ಎಂಬುದು ಅದರ ಸಾರ. ಬೆಂಗಳೂರಿನ ಹೊರಗೆ ಆ ಕೆಲಸಕ್ಕೆ ಆಗಲೇ ನೆಲ ಸಿದ್ಧವಾಗಿತ್ತು.

1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಕಂಪನಿಯಲ್ಲಿ ಮೂರನೇ ಒಂದು ಪಾಲು ಕೊಂಡಿತು. ಅದೇ ಮಾರ್ಚ್ 11ರಂದು ವಾಷಿಂಗ್ಟನ್ನಿನಲ್ಲಿ ಲೆಂಡ್‌-ಲೀಸ್ ಕಾಯ್ದೆಗೆ ಸಹಿ ಬಿತ್ತು. ರೊಕ್ಕ ಎಣಿಸುವ ಷರತ್ತೂ ಹೋಯಿತು. ಆಯುಧವನ್ನು ಎರವಲು ಕೊಡಬಹುದು, ಲೆಕ್ಕ ಆಮೇಲೆ ನೋಡಿದರಾಯಿತು.

ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಮೊದಲ ವಿಮಾನ ಹಾರಿತು. ತರಬೇತಿಗೆ ಬಳಸುವ, ಅಮೆರಿಕದ ಮಾದರಿಯ ಹಾರ್ಲೊ. ಅಮೆರಿಕದಲ್ಲಿ ಕಾಲುಚೀಲಕ್ಕೆ ನೂಕಾಟ ನಡೆದದ್ದೂ ಅದೇ ತಿಂಗಳು.

> ಯುದ್ಧ ಕಟ್ಟಿಸಿದ ಗಂಧದೆಣ್ಣೆ
> ದೂರದ ಯುದ್ಧ ಇಲ್ಲಿ ಕಾರ್ಖಾನೆ ಹುಟ್ಟಿಸಿದ್ದು ಅದೇ ಮೊದಲಲ್ಲ. 1914ಕ್ಕೆ ಮುಂಚೆ ಮೈಸೂರಿನ ಗಂಧದ ಮರ ಬಹುಪಾಲು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಯುದ್ಧ ಆ ದಾರಿ ಮುಚ್ಚಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯ ಎಣ್ಣೆಯನ್ನು ಇಲ್ಲೇ ತೆಗೆಸಲು ನಿಂತರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಅದರ ಬೆನ್ನಿಗೆ ಸಾಬೂನು.

ಹಿತ್ತಿಲ ಬಾಗಿಲಿನ ಸೈನ್ಯ

ಇಷ್ಟರಲ್ಲಿ ಪಾಲಿಯವರ ಇನ್ನೊಂದು ಕಂಪನಿಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ಬರ್ಮಾ ಗಡಿಗೆ ಅಂಟಿಕೊಂಡ ಲೊಯಿವಿಂಗ್ ಎಂಬಲ್ಲಿದ್ದ ಅವರ ಚೀನಾ ಕಾರ್ಖಾನೆಯ ಮೇಲೆ 1940ರ ಅಕ್ಟೋಬರ್‌ನಲ್ಲಿ ಜಪಾನ್ ಬಾಂಬ್ ಹಾಕಿತ್ತು.

1941ರಲ್ಲಿ ಅಮೆರಿಕದ ಸೇನೆ, ನೌಕಾಪಡೆಗಳ ಪೈಲಟ್‌ಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಈ ಕಂಪನಿಯ ನೌಕರಿಗೆ ಸೇರಿದರು. ಸಂಬಳ ತಿಂಗಳಿಗೆ 600 ಡಾಲರ್ ಅಥವಾ ಅದಕ್ಕೂ ಮೇಲೆ. ಕಾಗದದಲ್ಲಿ ಅವರು ವಿಮಾನ ಕಂಪನಿಯ ಸಾಮಾನ್ಯ ನೌಕರರು. ನಿಜದಲ್ಲಿ ಚೀನಾದ ಪರ ಜಪಾನಿನೊಡನೆ ಕಾದಲು ಹೊರಟ ದಂಡು. ಜೊತೆಗೆ 100 ಪಿ-40 ವಿಮಾನ. ಕ್ಲೇರ್ ಶೆನಾಲ್ಟ್ ಇದರ ಮುಖ್ಯಸ್ಥ. ಆಮೇಲೆ ಜಗತ್ತು ಇವರನ್ನು ಫ್ಲೈಯಿಂಗ್ ಟೈಗರ್ಸ್ ಎಂದು ಕರೆಯಿತು.

ರೂಸ್‌ವೆಲ್ಟ್ ಸರ್ಕಾರಕ್ಕೆ ಇದು ಗೊತ್ತಿತ್ತು, ಒಪ್ಪಿಗೆಯೂ ಇತ್ತು. ತಟಸ್ಥ ದೇಶ ತನ್ನ ಪೈಲಟ್‌ಗಳನ್ನು ಖಾಸಗಿ ಕಂಪನಿಯ ಹೆಸರಿನಲ್ಲಿ ಯುದ್ಧಕ್ಕೆ ಕಳಿಸಿದ ಬಗೆ ಇದು. ಆ ಕಂಪನಿಗೂ ಬೆಂಗಳೂರಿನ ಕಾರ್ಖಾನೆಗೂ ಪಾಲಿಯೇ ಕೊಂಡಿ.

ಅಟ್ಲಾಂಟಿಕ್ ಕಡೆ ಇದಕ್ಕಿಂತ ಬಹಿರಂಗವಾಗಿಯೇ ನಡೆದಿತ್ತು. 1940ರ ಸೆಪ್ಟೆಂಬರ್‌ನಲ್ಲಿ 50 ಹಳೆಯ ಯುದ್ಧನೌಕೆಗಳನ್ನು ಬ್ರಿಟನ್ನಿಗೆ ಕೊಟ್ಟು ಬದಲಿಗೆ ನೆಲೆಗಳನ್ನು ಪಡೆದರು. ಅದೇ ತಿಂಗಳು ಕಡ್ಡಾಯ ಸೇನಾ ಭರ್ತಿ ಬಂತು. 1941ರ ಅಕ್ಟೋಬರ್ 31ರಂದು ಸರಕು ಹಡಗುಗಳಿಗೆ ಕಾವಲಾಗಿ ಹೊರಟಿದ್ದ ರೂಬೆನ್ ಜೇಮ್ಸ್ ಎಂಬ ಅಮೆರಿಕದ ಯುದ್ಧನೌಕೆಯನ್ನು ಜರ್ಮನಿಯ ಜಲಾಂತರ್ಗಾಮಿ ಮುಳುಗಿಸಿತು. ಅಮೆರಿಕದ ನಾವಿಕರು ಸತ್ತರು. ಆಗಲೂ ಯುದ್ಧ ಸಾರಿರಲಿಲ್ಲ.

ವಿರೋಧ ಇರಲಿಲ್ಲವೆಂದಲ್ಲ. 1940ರ ಸೆಪ್ಟೆಂಬರ್‌ನಲ್ಲೇ 'ಅಮೆರಿಕ ಮೊದಲು' ಸಮಿತಿ ಹುಟ್ಟಿತ್ತು. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿ ಹೆಸರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಊರೂರು ತಿರುಗಿ ಯುದ್ಧ ಬೇಡ ಎಂದು ಭಾಷಣ ಮಾಡಿದರು. ಸಭೆಗಳು ತುಂಬಿ ತುಳುಕಿದವು. ಕಾರ್ಖಾನೆಗಳ ಮೂರು ಪಾಳಿ ಮಾತ್ರ ನಿಲ್ಲಲಿಲ್ಲ.

ದಾರ ಕಡಿದ ದಿನ

1941ರ ಜುಲೈನಲ್ಲಿ ಜಪಾನಿನ ಸೇನೆ ಈಗಿನ ವಿಯೆಟ್ನಾಂನ ದಕ್ಷಿಣಕ್ಕೆ ನುಗ್ಗಿತು. ಜುಲೈ 26ರಂದು ರೂಸ್‌ವೆಲ್ಟ್ ಅಮೆರಿಕದಲ್ಲಿದ್ದ ಜಪಾನಿನ ಆಸ್ತಿಯನ್ನೆಲ್ಲ ಸ್ತಂಭನಗೊಳಿಸಿದರು. ಬ್ರಿಟನ್ ಕೂಡ ಹಿಂಬಾಲಿಸಿತು. ಜಪಾನ್ ಇನ್ನು ಏನನ್ನೂ ಕೊಳ್ಳಲಾರದು, ಮಾರಲಾರದು. ಎಣ್ಣೆ ನಿಂತಿತು, ರೇಷ್ಮೆ ನಿಂತಿತು.

ಜಪಾನಿಗೆ ಎಣ್ಣೆಯ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ಉಗ್ರಾಣದಲ್ಲಿ ಇರುವುದು ಮುಗಿಯುವುದರೊಳಗೆ ಹಿಂದೆ ಸರಿಯಬೇಕು, ಇಲ್ಲವೇ ಎಣ್ಣೆ ಇರುವ ನೆಲವನ್ನು ಕಿತ್ತುಕೊಳ್ಳಬೇಕು. ಟೋಕಿಯೊ ಎರಡನೆಯದನ್ನು ಆರಿಸಿಕೊಂಡಿತು. ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಪರ್ಲ್ ಹಾರ್ಬರ್‌ನಲ್ಲಿ 2,403 ಅಮೆರಿಕನ್ನರು ಸತ್ತರು. ಮರುದಿನ ಅಮೆರಿಕ ಜಪಾನಿನ ಮೇಲೆ ಯುದ್ಧ ಸಾರಿತು. 11ರಂದು ಜರ್ಮನಿ, ಇಟಲಿ ಅಮೆರಿಕದ ಮೇಲೆ ಸಾರಿದವು.

ದಾಳಿ ಹಠಾತ್ತಾಗಿ ಬಂತು ಎನ್ನುತ್ತೇವೆ. ಬಾಂಬು ಬಿದ್ದದ್ದು ಹಠಾತ್ತು ನಿಜ. ಆದರೆ ವ್ಯಾಪಾರದ ಪುಸ್ತಕ ನೋಡುತ್ತಿದ್ದವರಿಗೆ ಜುಲೈನಲ್ಲೇ ದಾರ ಕಡಿದದ್ದು ಗೊತ್ತಾಗಿತ್ತು.

> ಎರಡು ಸಲವೂ ಬೇಡ ಎಂದವರು
> 1941ರ ಡಿಸೆಂಬರ್ 8ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಯುದ್ಧದ ಪರ 388 ಮತ, ವಿರುದ್ಧ ಒಂದೇ ಒಂದು. ಆ ಒಂದು ಮತ ಮೊಂಟಾನಾದ ಜೀನೆಟ್ ರ‍್ಯಾಂಕಿನ್ ಅವರದು. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮಹಿಳೆ. 1917ರಲ್ಲೂ ಅವರು ಯುದ್ಧದ ವಿರುದ್ಧವೇ ಮತ ಹಾಕಿದ್ದರು. ಗಾಂಧೀಜಿಯ ದಾರಿಯನ್ನು ಮೆಚ್ಚಿದ ಅವರು ಮುಂದೆ ಹಲವು ಬಾರಿ ಭಾರತಕ್ಕೆ ಬಂದರು.

ಬೆಳ್ಳಂದೂರು ಕೆರೆಗೆ ಇಳಿದ ಕ್ಯಾಟಲಿನಾ

1942ರ ಮೊದಲ ತಿಂಗಳುಗಳಲ್ಲೇ ಸಿಂಗಪುರ, ರಂಗೂನ್ ಬಿದ್ದವು. ಮದ್ರಾಸಿನಿಂದ ಜನ ಗುಳೆ ಎದ್ದರು. ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಮತ್ತು ಪಾಲಿಯವರ ಪಾಲನ್ನು ಕೊಂಡು ವಿಮಾನ ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರಿನ ಪಾಲು ಹಾಗೇ ಉಳಿಯಿತು. ಜುಲೈನಲ್ಲಿ ಇಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು.

ಆದರೆ ಹೊಸ ವಿಮಾನ ಕಟ್ಟುತ್ತ ಕೂರುವಷ್ಟು ವ್ಯವಧಾನ ಯುದ್ಧಕ್ಕಿರಲಿಲ್ಲ. ಕೆಟ್ಟು ಬರುವ ವಿಮಾನಗಳೇ ಸಾಲುಗಟ್ಟಿ ನಿಂತಿದ್ದವು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಗೇ ಹೋಯಿತು. ಅವರ ಲೆಕ್ಕದಲ್ಲಿ ಇದು 84ನೇ ಏರ್ ಡಿಪೊ.

ಮಿಚೆಲ್ ಬಾಂಬರ್‌ಗಳು, ಹಿಮಾಲಯದ ಮೇಲಿಂದ ಚೀನಾಕ್ಕೆ ಸಾಮಾನು ಸಾಗಿಸುವ ಡಕೋಟಾಗಳು ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಕ್ಯಾಟಲಿನಾ ಎಂಬ ನೀರ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಸುತ್ತಲಿನ ಊರುಗಳ ಸಾವಿರಾರು ಯುವಕರು ಅಮೆರಿಕನ್ ಫೋರ್‌ಮನ್‌ಗಳ ಕೈಕೆಳಗೆ ಸ್ಪ್ಯಾನರ್ ಹಿಡಿದರು. ಯುದ್ಧ ಮುಗಿದ ಮೇಲೆ ಆ ಕೈಗಳೇ ಭಾರತದ ವಿಮಾನ ಉದ್ಯಮಕ್ಕೆ ಆಧಾರವಾದವು. ವಿ.ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಇದೇ ನೆಲದಿಂದ ಹಾರಿತು.

ಇತ್ತ ಕಳವಾರ ಸೀಮೆಯಲ್ಲಿ ಹಿಪ್ಪುನೇರಳೆಗೆ ಮತ್ತೆ ಕಾಲ ಬಂತು. ಜಪಾನ್, ಚೀನಾಗಳ ರೇಷ್ಮೆ ನಿಂತಿತ್ತು. ಬನಾರಸ್, ಕಂಚಿಯ ಮಗ್ಗಗಳಿಗೆ ನೂಲು ಬೇಕು. ಪ್ಯಾರಾಚೂಟಿಗೆ ನೂಲು ಬೇಕು. ಕೊಡುವವರು ಮೈಸೂರು, ಕಾಶ್ಮೀರಗಳಂಥ ಕೆಲವೇ ಸೀಮೆಗಳು.

ಪ್ಯಾರಾಚೂಟಿಗೆ ಎಂಥ ನೂಲಾದರೂ ಆಗುವುದಿಲ್ಲ. ಒಂದೇ ದಪ್ಪದ, ಗಂಟಿಲ್ಲದ ಎಳೆ ಬೇಕು. ಕೈಯಲ್ಲಿ ತಿರುಗಿಸುವ ಚರಕದಲ್ಲಿ ಅದು ಕಷ್ಟ. ಆದ್ದರಿಂದ ಸರ್ಕಾರ ಯಂತ್ರದಲ್ಲಿ ನೂಲು ತೆಗೆಯುವ ಫಿಲೇಚರ್‌ಗಳಿಗೆ ಒತ್ತು ಕೊಟ್ಟು, ಆ ನೂಲನ್ನು ಸೇನೆಗೆ ಕೊಂಡಿತು. ಚರಕದ ನೂಲು ಸೀರೆಯ ಮಗ್ಗಗಳಿಗೆ ಹೋಯಿತು. ಎರಡು ದಾರಿಯಲ್ಲೂ ಗೂಡಿಗೆ ಗಿರಾಕಿ. ಹತ್ತು ವರ್ಷದ ಹಿಂದೆ ಹಿಪ್ಪುನೇರಳೆ ಕಿತ್ತಿದ್ದ ಹೊಲಗಳಿಗೆ ಮತ್ತೆ ಕಡ್ಡಿ ನೆಟ್ಟರು.

ಇನ್ನೊಂದು ಕಡೆ ಬರ್ಮಾದ ಅಕ್ಕಿ ನಿಂತು, ದವಸದ ಬೆಲೆ ಏರಿ, ಸೀಮೆಎಣ್ಣೆಗೂ ಬಟ್ಟೆಗೂ ಸಾಲು ನಿಲ್ಲುವಂತಾಯಿತು. ಗೂಡು ಮಾರಿದ ಕಾಸು ಅಂಗಡಿಯಲ್ಲೇ ಕರಗಿತು ಎನ್ನುವಂಥ ಕಾಲ.

> ಸೆಣಬಿನ ಕೊಡೆ
> ಬರ್ಮಾದ ಕಾಡಿನಲ್ಲಿ ಕಾದಾಡುತ್ತಿದ್ದ ಜನರಲ್ ಸ್ಲಿಮ್ ಅವರ ಸೈನ್ಯಕ್ಕೆ ಊಟ, ಮದ್ದುಗುಂಡು ಆಕಾಶದಿಂದಲೇ ಬೀಳಬೇಕಿತ್ತು. ಅಷ್ಟು ಪ್ಯಾರಾಚೂಟಿಗೆ ರೇಷ್ಮೆ ಎಲ್ಲಿಂದ ತರುವುದು? ಕಲ್ಕತ್ತದ ಸೆಣಬಿನ ಗಿರಣಿಗಳು ಸೆಣಬಿನಿಂದಲೇ ಪ್ಯಾರಾಚೂಟ್ ಹೊಲಿದು ಕೊಟ್ಟವು. 'ಪ್ಯಾರಾಜೂಟ್' ಎಂದು ಅದಕ್ಕೆ ಹೆಸರಾಯಿತು. ರೇಷ್ಮೆಯದಕ್ಕಿಂತ ಬಹಳ ಅಗ್ಗ.

ಕೇಳದೆ ಬಿಟ್ಟವರು

ಅಮೆರಿಕ ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂದು ಆರು ವರ್ಷ ಚರ್ಚಿಸಿತು. ಕಾಯ್ದೆ, ತಿದ್ದುಪಡಿ, ಸಮಿತಿ, ಮೆರವಣಿಗೆ ಎಲ್ಲವೂ ಆದವು. ಮೋಸವೂ ಇತ್ತು, ಮುಚ್ಚುಮರೆಯೂ ಇತ್ತು, ಆದರೆ ಚರ್ಚೆ ಇತ್ತು.

ನಮಗೆ ಅದೂ ಇರಲಿಲ್ಲ. ಜನರ ಮತ ಕೇಳಿ ಯುದ್ಧ ಸಾರಬೇಕೆಂಬ ಪ್ರಸ್ತಾವ ವಾಷಿಂಗ್ಟನ್ನಿನಲ್ಲಿ ಬಿದ್ದುಹೋದ ಅದೇ 1938ರಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲೇ ಇಲ್ಲ. ಆಗ ದಿವಾನರಾಗಿದ್ದವರು, ಎರಡು ವರ್ಷದ ಬಳಿಕ ವಿಮಾನ ಕಾರ್ಖಾನೆಗೆ ನೆಲ ಕೊಟ್ಟ ಅದೇ ಮಿರ್ಜಾ ಇಸ್ಮಾಯಿಲ್.

1941ರ ಆಗಸ್ಟ್ 14ರಂದು ರೂಸ್‌ವೆಲ್ಟ್, ಚರ್ಚಿಲ್ ಸೇರಿ ಅಟ್ಲಾಂಟಿಕ್ ಸನ್ನದು ಪ್ರಕಟಿಸಿದರು. ಯಾವ ಸರ್ಕಾರ ಬೇಕೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಉಂಟು ಎಂದು ಅದರಲ್ಲಿತ್ತು. ಸೆಪ್ಟೆಂಬರ್ 9ರಂದು ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಎದ್ದುನಿಂತು, ಇದು ಭಾರತಕ್ಕೂ ಬರ್ಮಾಕ್ಕೂ ಅನ್ವಯಿಸುವುದಿಲ್ಲ ಎಂದರು. ನಮ್ಮ ನೂಲು ಬೇಕಿತ್ತು, ನೆಲ ಬೇಕಿತ್ತು, ಕೈಕೆಲಸ ಬೇಕಿತ್ತು. ಅಭಿಪ್ರಾಯ ಬೇಕಿರಲಿಲ್ಲ.

> ತಟಸ್ಥತೆ ಮುರಿದ ಭಾರತೀಯರು
> ಮೊದಲ ಮಹಾಯುದ್ಧದಲ್ಲಿ ಅಮೆರಿಕದಲ್ಲಿದ್ದ ಗದರ್ ಕ್ರಾಂತಿಕಾರಿಗಳು ಜರ್ಮನಿಯ ನೆರವಿನಿಂದ ಭಾರತಕ್ಕೆ ಆಯುಧ ಕಳಿಸಲು ನೋಡಿದರು. 1917ರ ನವೆಂಬರ್‌ನಿಂದ 1918ರ ಏಪ್ರಿಲ್‌ವರೆಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವರ ವಿಚಾರಣೆ ನಡೆಯಿತು. ಆರೋಪ: ಅಮೆರಿಕದ ತಟಸ್ಥತೆಯನ್ನು ಉಲ್ಲಂಘಿಸಿದ್ದು. ವಿಚಾರಣೆ ನಡೆಯುವಾಗ ಅಮೆರಿಕ ತಾನೇ ತಟಸ್ಥವಾಗಿರಲಿಲ್ಲ.

ಯುದ್ಧ ಮುಗಿದರೂ

ಯುದ್ಧದ ಗಿರಾಕಿ ಯುದ್ಧದ ಜೊತೆಗೇ ಹೋದ. ಪ್ಯಾರಾಚೂಟ್ ನೈಲಾನಿಗೆ ತಿರುಗಿತು. ಅಮೆರಿಕದ ಹೆಂಗಸರ ಕಾಲುಚೀಲವೂ ನೈಲಾನಾಯಿತು, ಮತ್ತೆ ರೇಷ್ಮೆಗೆ ಮರಳಲೇ ಇಲ್ಲ. ಹೊರದೇಶದ ರೇಷ್ಮೆ ಮತ್ತೆ ಬರತೊಡಗಿದಾಗ ಬೆಳೆಗಾರನಿಗೆ ರಕ್ಷಣೆ ಬೇಕಾಯಿತು. 1948ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆ ಬಂದದ್ದು ಈ ಹಿನ್ನೆಲೆಯಲ್ಲಿ.

ಅಲ್ಲಿಂದೀಚೆಗೂ ಕಥೆ ಬದಲಾಗಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ರೇಷ್ಮೆ ಅಗ್ಗವಾಯಿತು, ಗೂಡಿನ ದರ ಬಿತ್ತು, ರೈತರು ಬೀದಿಗಿಳಿದರು. ಎರಡು ವರ್ಷ ಕಳೆದು ಸುಂಕ ಶೇ 15ಕ್ಕೆ ಏರಿತು.

ಈಗ ತಟಸ್ಥನ ಪಾತ್ರ ನಮ್ಮದು. ಉಕ್ರೇನ್ ಯುದ್ಧದಲ್ಲಿ ಭಾರತ ಯಾರ ಪಕ್ಷವನ್ನೂ ಹಿಡಿಯಲಿಲ್ಲ, ರಷ್ಯಾದ ಎಣ್ಣೆ ಕೊಳ್ಳುವುದನ್ನೂ ಬಿಡಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಅದನ್ನೇ ಮುಂದಿಟ್ಟು ಭಾರತದ ಸರಕಿನ ಮೇಲೆ ಹೆಚ್ಚುವರಿ ಸುಂಕ ಹೇರಿತು. ಒಟ್ಟು ಸುಂಕ ಶೇ 50ಕ್ಕೆ ಮುಟ್ಟಿತು. 1937ರಲ್ಲಿ ತಾನು ತಟಸ್ಥನಾಗಿದ್ದುಕೊಂಡು ಜಪಾನಿಗೆ ಎಣ್ಣೆ ಮಾರಿದ ದೇಶ, 2025ರಲ್ಲಿ ಇನ್ನೊಬ್ಬರಿಂದ ಎಣ್ಣೆ ಕೊಂಡ ತಟಸ್ಥನಿಗೆ ದಂಡ ಹಾಕಿತು.

ಯಾವುದೇ ಸರ್ಕಾರ ನಾವು ಯಾರ ಕಡೆಯೂ ಅಲ್ಲ ಎಂದಾಗ ಅದರ ಭಾಷಣ ಕೇಳುವುದಕ್ಕಿಂತ ಅದು ಯಾರಿಗೆ ಏನು ಮಾರುತ್ತಿದೆ, ಯಾರಿಂದ ಏನು ಕೊಳ್ಳುತ್ತಿದೆ ಎಂದು ನೋಡುವುದು ಲೇಸು. ನೈ ಸಮಿತಿ ಹೇಳಿದ್ದು ಅರ್ಧ ನಿಜ: ವ್ಯಾಪಾರ ದೇಶವನ್ನು ಯುದ್ಧಕ್ಕೆ ಎಳೆಯಬಲ್ಲದು. ಇನ್ನರ್ಧವನ್ನು 1941 ಕಲಿಸಿತು: ವ್ಯಾಪಾರ ನಿಲ್ಲಿಸುವುದೂ ಯುದ್ಧದ ಮೊದಲ ಹೆಜ್ಜೆಯಾಗಬಲ್ಲದು. ಈ ಎರಡರ ನಡುವೆ ಆಯ್ಕೆ ಮಾಡುವವರು ಯಾವಾಗಲೂ ರಾಜಧಾನಿಗಳಲ್ಲಿ ಇರುತ್ತಾರೆ. ಅದರ ಲೆಕ್ಕ ಮೊದಲು ಬರುವುದು ಶಿಡ್ಲಘಟ್ಟದಂಥ ಮಾರುಕಟ್ಟೆಯ ಬೆಳಗಿನ ಹರಾಜಿನಲ್ಲಿ, ಕಿಲೊ ಗೂಡಿಗೆ ಇಷ್ಟು ರೂಪಾಯಿ ಎಂದು.